ಖಾಲಾನ ಬೆಕ್ಕಿನ ಹೆಬ್ಬೆರಳು

ನಮ್ಮ ಮನೆಯಲ್ಲಿ ಉಗುರಿಗೂ ಪಂಚಾಂಗವಿತ್ತು. ಸೋಮವಾರ ಶಿವನ ವಾರ, ಉಗುರು ತೆಗೆಯಬಾರದು. ಶುಕ್ರವಾರ ಲಕ್ಷ್ಮಿಯ ವಾರ, ಅಂದು ಅದರ ಮಾತೂ ಎತ್ತಬಾರದು. ಅಮಾವಾಸ್ಯೆ ಆಗದು, ಹುಣ್ಣಿಮೆ ಆಗದು, ಮನೆಯವರು ಯಾರಾದರೂ ಊರಿಗೆ ಹೊರಟ ದಿನ ಆಗದು, ದೀಪ ಹಚ್ಚಿದ ಮೇಲಂತೂ ಯಾವ ದಿನವೂ ಆಗದು. ನಮ್ಮಪ್ಪ ನಗುತ್ತಿದ್ದ.

“ಅವ್ವಾ, ನಿನ್ನ ಮಾತು ಹಿಡಿದ್ರ ಈ ಮನ್ಯಾಗ ಎಲ್ಲಾರೂ ಹುಲಿ ಆಗಬೇಕಾಗ್ತದ ನೋಡು.”

ಅಪ್ಪನ ತಾಯಿಗೆ ನಾನು ಆಯಿ ಅನ್ನುತ್ತಿದ್ದೆ. ಆಯಿ ಮಾತಿಗೆ ಹಿಂದೆ ಬೀಳುವವಳಲ್ಲ.

“ಹುಲಿ ಆಗಪ್ಪಾ, ಬ್ಯಾಡ ಅಂದೋರ್ ಯಾರು? ಶುಕ್ರವಾರ ಮಾತ್ರ ಉಗುರಿಗಿ ಕೈ ಹಚ್ಚಬ್ಯಾಡ.”

ಭಾಲ್ಕಿಯ ಆ ಮನೆಯ ಹಿತ್ತಲ ಗೋಡೆ ನನ್ನ ಎದೆಯ ಎತ್ತರದ್ದು. ಗೋಡೆಯ ಆಚೆ ಎಲ್ಲ ತಿರುವುಮುರುವು. ಅಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಆತ ತಹಸೀಲ್ ಕಚೇರಿಯಲ್ಲಿ ಕಾರಕೂನ. ಆಕೆಯನ್ನು ನಾನು ಖಾಲಾ ಎಂದು ಕರೆಯುತ್ತಿದ್ದೆ, ಚಿಕ್ಕಮ್ಮ ಎಂದ ಹಾಗೆ. ಖಾಲಾನಿಗೆ ಉಗುರಿನ ದಿನವೆಂದರೆ ಶುಕ್ರವಾರವೇ. ಜುಮ್ಮಾದ ಬೆಳಿಗ್ಗೆ ತಲೆಗೆ ನೀರು, ಉಗುರು, ಒಗೆದ ಬಟ್ಟೆ. ಗಂಡ ಮಸೀದಿಗೆ ಹೋದ ಮೇಲೆ ಬೆಕ್ಕಿನ ಪಾಳಿ.

ಬಿಳಿ ಬೆಕ್ಕು. ಬೆನ್ನ ಮೇಲೆ ಕಡಲೆ ಹಿಟ್ಟು ಚೆಲ್ಲಿದಂಥ ಒಂದು ಹಳದಿ ಕಲೆ. ಖಾಲಾ ಬೀದರಿನ ತವರಿನಿಂದ ಮಡಿಲಲ್ಲಿ ತಂದದ್ದಂತೆ. ನಾನು ಕಂಡಾಗಲೇ ಅದಕ್ಕೆ ವಯಸ್ಸಾಗಿ ಮೇಲಿನ ಒಂದು ಹಲ್ಲು ಹೋಗಿತ್ತು. ಶುಕ್ರವಾರ ಬಿಸಿಲು ಬಾವಿಕಟ್ಟೆಗೆ ಬಂದಾಗ ಅದು ತಾನಾಗಿ ಬಂದು ಕುಳಿತಿರುತ್ತಿತ್ತು. ವಾರ ಗೊತ್ತಿತ್ತೋ, ಖಾಲಾ ಚಾಪೆ ಹಾಸುವ ಸಪ್ಪಳ ಗೊತ್ತಿತ್ತೋ, ನಾನು ಹೇಳಲಾರೆ.

ನಾನು ಗೋಡೆ ಹಾರಿ ಹೋಗುತ್ತಿದ್ದೆ. ಆಗ ನನಗೆ ಒಂಬತ್ತು ವರ್ಷವಿರಬೇಕು. ಖಾಲಾ ಮೊದಲು ಒದ್ದೆ ಅರಿವೆಯಿಂದ ಬೆಕ್ಕಿನ ಮುಖ ಒರೆಸುವಳು. ಹತ್ತಿಗೆ ಒಂದು ತೊಟ್ಟು ಎಣ್ಣೆ ಹಚ್ಚಿ ಕಿವಿಯ ಹೊರ ಮಡಿಕೆ ಒರೆಸುವಳು, ಒಳಗೆ ಹೋಗುತ್ತಿರಲಿಲ್ಲ. ಹೇನಿನ ಹಣಿಗೆಯಿಂದ ಕುತ್ತಿಗೆಯಿಂದ ಬಾಲದವರೆಗೆ ಬಾಚುವಳು, ಉದುರಿದ ಕೂದಲನ್ನು ಉಂಡೆ ಮಾಡಿ ಬದಿಗಿಡುವಳು. ಕೊನೆಗೆ ಸೊಂಟದಿಂದ ಬೆರಳುದ್ದದ ಒಂದು ಕೈಂಚಿ ಹೊರಬರುತ್ತಿತ್ತು. ನಾವು ಕತ್ತರಿ ಅನ್ನುತ್ತಿದ್ದೆವು, ಖಾಲಾನ ಬಾಯಲ್ಲಿ ಅದು ಕೈಂಚಿ.

“ಖಾಲಾ, ಬೆಕ್ಕಿಗಿ ಯಾರರ ಉಗುರು ತಗೀತಾರ?”

“ಜುಮ್ಮಾಕ್ಕ ಎಲ್ಲಾರೂ ಸಾಫ್ ಇರಬೇಕು ಬೇಟಿ. ಇಕಿ ಏನು ನವಾಬನ ಮಗಳಾ, ಇಕಿಗಿ ಮಾಫಿ ಕೊಡ್ಲಿಕ್ಕಿ?”

ಬೆಕ್ಕನ್ನು ತೊಡೆಯ ಮೇಲೆ ಬೆನ್ನು ತನ್ನ ಹೊಟ್ಟೆಗೆ ಹತ್ತುವಂತೆ ಕೂರಿಸಿಕೊಂಡು, ಒಂದು ಪಂಜ ಹಿಡಿದು ಮೇಲೊಂದು ಕೆಳಗೊಂದು ಬೆರಳಿಟ್ಟು ಮೆಲ್ಲಗೆ ಒತ್ತುವಳು. ಒಳಗಿದ್ದ ಉಗುರು ಹೊರಗೆ ಬರುತ್ತಿತ್ತು.

“ಬಿಸಲಿಗಿ ಹಿಡಿದು ನೋಡು. ಒಳಗ ಗುಲಾಬಿ ಗೆರಿ ಕಾಣ್ತದಿಲ್ಲ? ಅದು ಇಕಿ ಜೀವ. ಅಲ್ಲೀ ತನಕ ಹೋಗಬ್ಯಾಡ. ಬರೇ ಬಿಳಿ ತುದಿ, ಅಕ್ಕಿ ನುಚ್ಚಿನಷ್ಟು.”

ಟಕ್. ಬೆಕ್ಕು ಕಣ್ಣು ಮುಚ್ಚಿಯೇ ಇರುತ್ತಿತ್ತು.

“ಮತ್ತ ಇದು ನೋಡು, ಹೆಬ್ಬಟ್ಟು. ಇದು ನೆಲಕ್ಕ ತಾಕಂಗಿಲ್ಲ, ಸವ್ಯಂಗಿಲ್ಲ. ಉಳಿದವು ಮರೆತ್ರ ಅಕಿನೇ ಕಟ್ಟಿಗಿಗಿ ಕೆರ್ಕೊಂಡು ಸವಸ್ತಾಳ. ಇದೊಂದು ಮರೆತ್ರ ತಿರುಗಿ ಬಂದು ಅಕಿ ಕಾಲಿಗೇ ಚುಚ್ತದ. ಮುದುಕಿ ಆಗ್ಯಾಳ, ಇದನ್ನ ಮಾತ್ರ ಮರೀಬಾರ್ದು.”

ಕತ್ತರಿಸಿದ ಚೂರುಗಳನ್ನು, ತನ್ನವೂ ಬೆಕ್ಕಿನವೂ ಕೂಡಿಸಿ, ದಾಳಿಂಬೆ ಗಿಡದ ಬುಡದಲ್ಲಿ ಹೂಳುತ್ತಿದ್ದಳು. ಮೈಯಿಂದ ಹೋದದ್ದನ್ನು ಕಾಲಲ್ಲಿ ತುಳಿಯುವಂತೆ ಬಿಡಬಾರದಂತೆ. ನಾಲ್ಕಾರು ವಾರ ನೋಡಿದ ಮೇಲೆ ನನ್ನ ಕೈಗೂ ಕೈಂಚಿ ಕೊಟ್ಟಳು. ಆಕೆ ಹಿಡಿದಿರುತ್ತಿದ್ದಳು, ನಾನು ಕತ್ತರಿಸುತ್ತಿದ್ದೆ. ಮನೆಗೆ ಬಂದು ಆಯಿಗೆ ಹೇಳುತ್ತಿರಲಿಲ್ಲ.

ಆಮೇಲೆ ಆ ಕೆಟ್ಟ ದಿನಗಳು ಬಂದವು. ಮೊದಲು ರಜಾಕಾರರ ಹೆದರಿಕೆ. ಸಂಜೆ ನಮ್ಮ ಬಾಗಿಲಿಗೆ ಒಳಗಿನಿಂದ ಬೀಸುವ ಕಲ್ಲು ಆನಿಸಿ ಇಡುತ್ತಿದ್ದರು. ಆ ದಿನಗಳಲ್ಲಿ ಖಾಲಾನ ಗಂಡ ಕಚೇರಿಗೆ ಹೊರಡುವ ಮುಂಚೆ ಗೋಡೆಯ ಹತ್ತಿರ ಬಂದು, ಯಾರನ್ನೂ ನೋಡದೆ, “ಇವತ್ತು ಬಜಾರಕ್ಕ ಹೋಗಬ್ಯಾಡ್ರಿ” ಎಂದು ಹೇಳಿ ಹೋಗುತ್ತಿದ್ದ. ಅವನು ಹಾಗೆ ಹೇಳಿದ ದಿನ ನಾವು ಹೋಗುತ್ತಿರಲಿಲ್ಲ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿಯಿತು. ನಾಲ್ಕೈದು ದಿನಗಳಲ್ಲೇ ಹೆದರಿಕೆ ಗೋಡೆ ಹಾರಿ ಆಚೆ ಮನೆಗೆ ಹೋಯಿತು. ಬೀದರಿಗೆ ಕಚೇರಿ ಕೆಲಸಕ್ಕೆಂದು ಹೋಗಿದ್ದ ಖಾಲಾನ ಗಂಡ ತಿರುಗಿ ಬರಲಿಲ್ಲ, ಸುದ್ದಿಯೂ ಬರಲಿಲ್ಲ.

ಒಂದು ಮಧ್ಯಾಹ್ನ ಆಕೆಯ ಅಣ್ಣ ಹೈದರಾಬಾದಿನಿಂದ ಬಂದು, ಟಾಂಗಾ ನಿಲ್ಲಿಸಿಕೊಂಡೇ ತಂಗಿಯನ್ನು ಹೊರಡಿಸಿದ. ಖಾಲಾ ಗೋಡೆಯ ಹತ್ತಿರ ಬಂದಳು. ಕೈಯಲ್ಲಿ ಬೆಕ್ಕು, ಅರಿವೆಯಲ್ಲಿ ಸುತ್ತಿದ ಕೈಂಚಿ.

“ಆಯಿ, ಅವ್ರು ಬಂದ್ರ ನಾ ಅಣ್ಣನ ಮನ್ಯಾಗ ಇದ್ದೇನಿ ಅಂತ ಹೇಳ್ರಿ.”

“ಹೇಳ್ತೇನಿ ಬೀಬಿ. ನೀ ಹುಷಾರಲೆ ಹೋಗು.”

“ರೈಲಿನ್ಯಾಗ ಇವತ್ತಿನ ದಿನ ಬೆಕ್ಕು ಒಯ್ಯಾಕ ಆಗಂಗಿಲ್ರಿ. ನಾ ಬಂದು ಒಯ್ತೇನಿ.” ಆಮೇಲೆ ನನ್ನ ಗದ್ದ ಹಿಡಿದಳು. “ಬೇಟಿ, ಹರ್ ಜುಮ್ಮಾ, ಪ್ರತಿ ಶುಕ್ರವಾರ. ಹೆಬ್ಬಟ್ಟು ಮರೀಬ್ಯಾಡ.”

“ಮರ್ಯಂಗಿಲ್ಲ ಖಾಲಾ.”

ಅಷ್ಟು ಹೇಳಲು ನನಗೆ ಏನೂ ಕಷ್ಟವಾಗಲಿಲ್ಲ.

ನಮ್ಮದು ಲಿಂಗಾಯತರ ಮನೆ. ಬಾಡು ತಿಂದು ಬೆಳೆದ ಬೆಕ್ಕು ಒಳಗೆ ಬಂದದ್ದು ಆಯಿಗೆ ಸಂಕಟ. ಬಿಟ್ಟು ಹೋದವಳ ಮುಖ ನೆನೆದು ಹೊರಗೂ ಹಾಕಲಾರಳು. ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ವಿಭೂತಿ ತಂದು ಅದರ ಹಣೆಗೆ ಮೂರು ಬೆರಳು ಎಳೆದಳು.

“ಇನ್ನ ಮುಂದ ನೀ ನಮ್ಮಾಕಿ. ರೊಟ್ಟಿ ತಿನ್ನು, ಹಾಲು ಕುಡಿ, ಶಿವಾ ಅನ್ನು.”

ಮರುದಿನ ಬೆಳಿಗ್ಗೆ ದೇವರ ಕೋಣೆಯ ಹೊಸ್ತಿಲ ಮೇಲೆ ಬೆಕ್ಕು ಒಂದು ಸತ್ತ ಇಲಿಯನ್ನು ಮಲಗಿಸಿತ್ತು. ನಮ್ಮವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ಹೇಳಿದ: “ಹಣಿಗಿ ಹಚ್ಚೀದಿ ಅವ್ವಾ, ಹೊಟ್ಟಿಗಿ ಹಚ್ಚಲಿಲ್ಲ.”

ಆಯಿ ಅದನ್ನೂ ಸಹಿಸಿದಳು. ಸಹಿಸದ್ದು ಮುಂದಿನ ಶುಕ್ರವಾರದ್ದು. ಆಯಿ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತಿದ್ದಳು. ಬೆಕ್ಕು ಹಳೆಯ ರೂಢಿಯಂತೆ ತೊಡೆ ಹುಡುಕಿಕೊಂಡು ಬಂದು ಏರಿತು, ಉಗುರು ಶಿವದಾರಕ್ಕೆ ಸಿಕ್ಕಿತು, ಜಗ್ಗಿತು. ಲಿಂಗ ಅಂಗೈಯಿಂದ ಜಾರಿ ಮಡಿಲಲ್ಲಿ ಬಿತ್ತು. ಮೈಮೇಲಿನ ಲಿಂಗ ನೆಲ ಮುಟ್ಟಿತೆಂದರೆ ನಮ್ಮ ಹಿರಿಯರಿಗೆ ಜೀವ ಹೋದಂತೆಯೇ. ಮುಟ್ಟಲಿಲ್ಲ, ನಾಲ್ಕು ಬೆರಳು ಉಳಿದಿತ್ತು. ಆಯಿಯ ಕೈ ಬಹಳ ಹೊತ್ತು ನಡುಗಿತು.

“ಏ ಪೋರಿ, ಇಕಿ ಉಗುರು ತಗಿ. ಇಲ್ಲಂದ್ರ ನಾ ಇಕಿನ್ನ ಹೊರಗ ಹಾಕ್ತೇನಿ.”

ನನಗೆ ಖುಷಿಯೇ ಆಯಿತು. “ಈಗೇ ತಗೀತೇನಿ ಆಯಿ. ಇವತ್ತ ಶುಕ್ರವಾರ, ಖಾಲಾ ಶುಕ್ರವಾರನೇ ಅಂದಾಳ.”

“ಆಕಿ ಮನ್ಯಾಗ ಆಕಿ ಶುಕ್ರವಾರ. ನನ್ನ ಮನ್ಯಾಗ ಲಕ್ಷ್ಮಿ ಇರಬೇಕು.”

“ನಾಳಿ?”

“ಶನಿವಾರ ಕಬ್ಬಿಣ ಹಿಡೀಬಾರ್ದು.”

“ಐತ್ವಾರ?”

“ನಿಮ್ಮಪ್ಪ ಹುಟ್ಟಿದ್ದು ಐತ್ವಾರ.”

“ಸ್ವಾಮಾರ ಶಿವನ ವಾರ. ಮಂಗಳವಾರ?”

“ಮಂಗಳವಾರ ಯಾರ ಕತ್ತರಿ ಹಿಡೀತಾರ, ಹುಚ್ಚಿ!”

ಉಳಿದವು ಬುಧವಾರ, ಗುರುವಾರ. ಬುಧವಾರ ನಾನೊಬ್ಬಳೇ ಪಡಸಾಲೆಯಲ್ಲಿ ಬೆಕ್ಕನ್ನು ಹಿಡಿದು ಕುಳಿತೆ. ಹೊರಗಿನ ಬಿಸಿಲಿಗೆ ಹೋದರೆ ಓಡಿಬಿಟ್ಟೀತೆಂಬ ಹೆದರಿಕೆ, ಆದ್ದರಿಂದ ಅರೆಬೆಳಕಿನಲ್ಲೇ. ಮೊದಲಿನ ಎರಡು ಉಗುರು ಖಾಲಾ ಹೇಳಿದಂತೆಯೇ ತೆಗೆದೆ. ಆಮೇಲೆ ಆಯಿಯ ನಡುಗುವ ಕೈ ನೆನಪಾಯಿತು. ಇಷ್ಟು ಸಾಲದು, ಇನ್ನೂ ಮೊಂಡು ಮಾಡಬೇಕು, ಮತ್ತೆಂದೂ ದಾರಕ್ಕೆ ಸಿಕ್ಕಬಾರದು ಎಂದು ಮೂರನೆಯದಕ್ಕೆ ಕೈಂಚಿಯನ್ನು ಒಳಕ್ಕೆ ಸರಿಸಿದೆ.

ಬೆಕ್ಕು ಕೂಗಿದ ಆ ಕೂಗು ಅದರದ್ದೇ ಅನ್ನಿಸಲಿಲ್ಲ. ಅದು ನನ್ನ ಮಣಿಕಟ್ಟು ಪರಚಿ, ಹಾರಿ, ಜೋಳದ ಕಣಜದ ಹಿಂದೆ ಹೋಯಿತು. ಸಾರಿಸಿದ ನೆಲದ ಮೇಲೆ ಅಲ್ಲಿಯ ತನಕ ರಕ್ತದ ಚುಕ್ಕಿ. ನಾನು ಲಂಗದ ಅಂಚಿನಿಂದ ಒಂದೊಂದೇ ಚುಕ್ಕಿ ಒರೆಸಿದೆ. ಹೆಬ್ಬೆರಳನ್ನು ಕೊನೆಗೆಂದು ಇಟ್ಟುಕೊಂಡಿದ್ದೆ, ಅಲ್ಲಿಯ ತನಕ ಹೋಗಲೇ ಇಲ್ಲ.

“ಏನಾತ?” ಎಂದು ಒಳಗಿನಿಂದ ಆಯಿ ಕೇಳಿದಳು.

“ಏನಿಲ್ಲ ಆಯಿ. ಬಾಲ ತುಳದೆ. ಉಗುರು ಆತು.”

ಕೈಂಚಿಯನ್ನು ಅರಿವೆಯಲ್ಲಿ ಸುತ್ತಿ ದನದ ಕೊಟ್ಟಿಗೆಗೆ ಒಯ್ದು, ಸಗಣಿ ಕುಳ್ಳಿನ ರಾಶಿಯ ಹಿಂದೆ ಗೋಡೆಯಲ್ಲಿದ್ದ ಮಾಡದಲ್ಲಿ ಇಟ್ಟೆ. ಆಮೇಲೆ ಅದರ ಕಡೆ ಹೋಗಲಿಲ್ಲ.

ಬೆಕ್ಕು ಎರಡು ದಿನಕ್ಕೆ ಹೊರಗೆ ಬಂತು. ಎಲ್ಲರ ಹತ್ತಿರವೂ ಹೋಗುತ್ತಿತ್ತು, ನಾನು ಹತ್ತಿರ ಬಂದರೆ ಮುಂಗಾಲುಗಳನ್ನು ಎದೆಯ ಕೆಳಗೆ ಮಡಚಿ ಕುಳಿತುಕೊಳ್ಳುತ್ತಿತ್ತು. ಪೂಜೆಯ ಹೊತ್ತಿಗೆ ಆಯಿಯ ತೊಡೆ ಏರುವುದನ್ನೂ ಬಿಟ್ಟಿತು. ಆಯಿಗೆ ಅಷ್ಟೇ ಸಾಕಾಗಿತ್ತು. ಆಗೊಮ್ಮೆ ಈಗೊಮ್ಮೆ ಕೇಳುತ್ತಿದ್ದಳು.

“ಉಗುರು ತಗದ್ಯೇನು?”

“ಇವತ್ತ ಸ್ವಾಮಾರ ಆಯಿ.”

“ತಗದ್ಯೇನು?”

“ಅಮಾಸಿ ಅಲಾ?”

“ತಗದ್ಯೇನ ಪೋರಿ?”

“ಅಪ್ಪ ಊರಿಗಿ ಹೋಗ್ಯಾನ, ಇವತ್ತ ತಗೀಬಾರ್ದು.”

ಆಯಿ ಮೆಚ್ಚಿಕೊಳ್ಳುತ್ತಿದ್ದಳು. ನೋಡು, ಸಣ್ಣ ಹುಡುಗಿಗೆ ಎಷ್ಟು ನೇಮ ಗೊತ್ತಿದೆ ಎಂದು ಓಣಿಯಲ್ಲಿ ಹೇಳುತ್ತಿದ್ದಳು. ಬುಧವಾರ ಕೇಳಿದರೆ ಮಾತ್ರ “ತಗದೆ” ಅನ್ನುತ್ತಿದ್ದೆ.

ಎಳ್ಳ ಅಮಾವಾಸ್ಯೆ ಕಳೆದು, ಹೊಲದಲ್ಲಿ ಉಂಡ ಕಾಳು ಸೊಪ್ಪಿನ ಭಜ್ಜಿಯ ರುಚಿ ಇನ್ನೂ ನಾಲಿಗೆಯ ಮೇಲಿದ್ದಾಗ ಖಾಲಾನ ಕಾರ್ಡು ಬಂತು. ಉರ್ದುವಿನಲ್ಲಿತ್ತು. ಅಪ್ಪ ಓದಿದ್ದೆಲ್ಲ ಉರ್ದು ಸಾಲೆಯಲ್ಲಿ, ಆತನೇ ಓದಿ ಹೇಳಿದ. ಎಲ್ಲರ ಕ್ಷೇಮ ಕೇಳಿದ್ದಳು. ಅವರು ಬಂದರೇ ಎಂದು ಕೇಳಿದ್ದಳು. ಕೊನೆಯ ಸಾಲು ನನಗೆ: ಬೇಟಿ, ಬಿಲ್ಲಿಯ ಉಗುರು ತೆಗೆಯುತ್ತಿದ್ದೀಯಾ?

ಅಪ್ಪ ಉತ್ತರ ಬರೆಯಲು ಕುಳಿತ. ಅವರು ಬಂದಿಲ್ಲ ಎಂಬುದನ್ನು ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ನನ್ನತ್ತ ತಿರುಗಿದ.

“ನಿನ್ನ ಮಾತು ಏನು ಬರೀಲಿ?”

“ಹರ್ ಜುಮ್ಮಾ ತಗೀತೇನಿ ಅಂತ ಬರಿ ಅಪ್ಪಾ.”

ಅಪ್ಪನ ಲೇಖನಿ ನಿಂತಿತು. ಅಡುಗೆ ಮನೆಯ ಕಡೆ ನೋಡಿದ, ಆಯಿ ಕೇಳಿಸಿಕೊಂಡಳೇ ಎಂದು. ಆಯಿಗೆ ಗೊತ್ತಾಗದಂತೆ, ಶುಕ್ರವಾರವೇ, ಕೊಟ್ಟ ಮಾತು ನಡೆಸುತ್ತಿದ್ದಾಳೆ ಮಗಳು ಎಂದು ಅವನು ತಿಳಿದುಕೊಂಡ. ಅವನ ಮುಖದಲ್ಲಿ ಅಂಥ ಅಭಿಮಾನವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ದನಿ ತಗ್ಗಿಸಿ “ಭಲೆ” ಎಂದು, ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅದೇ ವಾರ ಅವ್ವ ತನ್ನ ತಂಗಿಯ ಬಾಣಂತನಕ್ಕೆ ಔರಾದಕ್ಕೆ ಹೊರಟಳು, ನಾನೂ ಹೋಗುತ್ತೇನೆಂದು ಅತ್ತು ಹಟ ಹಿಡಿದೆ. ಕೂಸನ್ನು ನೋಡುವ ಆಸೆಗೆ ಎಂದು ಎಲ್ಲರೂ ತಿಳಿದರು. ಔರಾದದಲ್ಲಿ ನನ್ನನ್ನು ಉಗುರಿನ ಮಾತು ಕೇಳುವವರು ಇರಲಿಲ್ಲ. ಅಲ್ಲಿ ನಾನು ಹೊಟ್ಟೆ ತುಂಬ ಉಂಡೆ, ಕುಂಟಾಟ ಆಡಿದೆ, ಬೆಕ್ಕನ್ನು ಮರೆತೆ. ಚಿಕ್ಕಮ್ಮ ಕೂಸಿನ ಉಗುರನ್ನು ಕತ್ತರಿ ಮುಟ್ಟಿಸದೆ ಹಲ್ಲಿನಿಂದ ಮೆಲ್ಲಗೆ ಕಚ್ಚಿ ತೆಗೆಯುತ್ತಿದ್ದಳು. ಅದನ್ನು ನೋಡಿದಾಗ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದೆ.

ಶಿವರಾತ್ರಿ ಮುಗಿಸಿ ಭಾಲ್ಕಿಗೆ ಬಂದಾಗ ಬೆಕ್ಕು ಕುಂಟುತ್ತಿತ್ತು.

“ಮುಳ್ಳು ಚುಚ್ಚ್ಯಾದ ಕಾಣ್ತದ, ಅರಿಶಿಣ ಎಣ್ಣಿ ಹಾಕ್ಲತ್ತೇನಿ, ಕಡಿಮಿ ಆಗವಲ್ದು” ಎಂದಳು ಆಯಿ. ಅವಳ ಕಣ್ಣು ಆಗಲೇ ಮಂಜಾಗಿತ್ತು, ಪಂಜದ ಕೂದಲೊಳಗೆ ಏನಿದೆಯೆಂದು ಅವಳಿಗೆ ಕಾಣುತ್ತಿರಲಿಲ್ಲ. ಬೆಕ್ಕು ಬಿಸಿಲಿಗೆ ನಿದ್ದೆ ಹೋದಾಗ ನಾನು ಹತ್ತಿರ ಕುಳಿತು ಆ ಕಾಲು ನೋಡಿದೆ. ಹೆಬ್ಬೆರಳ ಉಗುರು ಕುಡುಗೋಲಿನ ಹಾಗೆ ಪೂರ್ತಿ ತಿರುಗಿ, ತುದಿ ಮೆತ್ತನೆಯ ಮಾಂಸದೊಳಗೆ ಹೋಗಿತ್ತು. ಸುತ್ತ ಕೆಂಪಗೆ ಬಾತಿತ್ತು.

ಬಾತದ್ದನ್ನು ಕಂಡೆ, ಮೆಲ್ಲಗೆ ಕೈ ಹಿಂದೆ ತೆಗೆದೆ, ಎದ್ದು ಹೋದೆ. ಆಯಿಗೆ ಹೇಳಿದರೆ ಕೈಂಚಿ ತಾ ಅನ್ನುತ್ತಾಳೆ, ಕೈಂಚಿ ತಂದರೆ ಎಲ್ಲ ಹೊರಬೀಳುತ್ತದೆ. ಮೊದಲ ಸಲ ಕತ್ತರಿಸಿದ್ದು ತಿಳಿಯದೆ ಮಾಡಿದ ತಪ್ಪು, ಅದನ್ನು ನಾನು ಎಂದೋ ಕ್ಷಮಿಸಿಕೊಂಡಿದ್ದೇನೆ. ಈ ಎದ್ದು ಹೋದದ್ದನ್ನು ಕ್ಷಮಿಸಲು ಇವತ್ತಿಗೂ ಆಗಿಲ್ಲ. ಹಾಗೆ ಒಂಬತ್ತು ದಿನ ಹೋದವು.

ಹತ್ತನೆಯ ದಿನ ಖಾಲಾ ಬಂದಳು. ಬಿಸಿಲು ಏರಿತ್ತು. ಅಣ್ಣ ಟಾಂಗಾದಲ್ಲೇ ಕುಳಿತಿದ್ದ. ಮನೆ ಖಾಲಿ ಮಾಡಿ, ಸಂಜೆಯ ರೈಲಿಗೆ ತಿರುಗಿ ಹೋಗುವವರು. ಖಾಲಾನ ಕೈಯಲ್ಲಿ ಬಳೆ ಇರಲಿಲ್ಲ. ಆಯಿ ಆ ಕೈಗಳನ್ನು ನೋಡಿದಳು, ನೀರು ತಂದು ಕೊಟ್ಟಳು. ಖಾಲಾ ನೀರು ಕುಡಿದು ಚಾಪೆಯ ಮೇಲೆ ಕುಳಿತು ಬಾಯಿಯಿಂದ ಚಪ್ಪರಿಸುವ ಒಂದು ಸಪ್ಪಳ ಮಾಡಿದಳು. ಕಣಜದ ಹಿಂದಿನಿಂದ ಬೆಕ್ಕು ಮೂರು ಕಾಲಲ್ಲಿ ಬಂತು.

ತೊಡೆ ಏರಿತು. ಖಾಲಾ ಅದರ ಪಂಜ ಹಿಡಿದಳು. ಅದು ಬಿಟ್ಟುಕೊಟ್ಟಿತು.

ನಾನು ಬಾಗಿಲ ಹತ್ತಿರ ನಿಂತಿದ್ದೆ.

“ಬೇಟಿ, ಕೈಂಚಿ ತಗೊಂಡು ಬಾ.”

ಎಲ್ಲರೂ ನೋಡುತ್ತಿರುವಾಗ ನಾನು ಕೊಟ್ಟಿಗೆಗೆ ಹೋದೆ. ಕುಳ್ಳು ಸರಿಸಿದೆ. ಅರಿವೆಗೆ ಜೇಡ ಬಲೆ ಕಟ್ಟಿತ್ತು, ಒಳಗೆ ಕೈಂಚಿ ಕೆಂಪಗೆ ತುಕ್ಕು ಹಿಡಿದು ಬಾಯಿ ತೆರೆಯುತ್ತಿರಲಿಲ್ಲ. ಅದನ್ನು ನಾನು ಎಲ್ಲಿಂದ ತಂದೆನೆಂದು ಆಯಿ ಕಂಡಳು, ಅಪ್ಪ ಕಂಡ. ಅಪ್ಪ ಎದ್ದು ಹೊರಗೆ ಹೋಗಿ ಟಾಂಗಾದವನ ಜೊತೆ ನಿಂತ.

ಆಯಿ ಖಾಲಾನ ಎದುರು ಬಂದು ಕುಳಿತಳು. “ತಪ್ಪು ನಂದದ ಬೀಬಿ. ನಮ್ಮ ಮನ್ಯಾಗ ಶುಕ್ರವಾರ ಉಗುರು ತಗ್ಯಂಗಿಲ್ಲ. ನಾನೇ ಬ್ಯಾಡ ಅಂದಿದ್ದೆ.”

ಖಾಲಾ ಕೈಂಚಿಗೆ ಎಣ್ಣೆ ಬಿಟ್ಟು, ಬಾವಿಕಟ್ಟೆಯ ಕಲ್ಲಿಗೆ ತಿಕ್ಕಿ ತುಕ್ಕು ತೆಗೆದು ಬಂದಳು. ನನ್ನ ಕಡೆ ನೋಡಿ ಮೆತ್ತಗೆ ಹೇಳಿದಳು.

“ವಾರದಾಗ ಏಳು ದಿನ ಇರ್ತಾವಲ್ಲಾ ಬೇಟಿ.”

ನಾನು ಹತ್ತಿರ ಹೋದೆ.

“ಹಿಡಿ, ನೀನೇ ಹಿಡಿ ಇಕಿನ್ನ” ಎಂದಳು. ನಾನು ಕುಳಿತು ಹಿಡಿದೆ. ಬೆಕ್ಕು ನನ್ನ ಕೈ ತಾಗಿದೊಡನೆ ನಡುಗಿತು. ಖಾಲಾ ಬಾಗಿದ ಉಗುರನ್ನು ಕತ್ತರಿಸಿ, ಒಳಗೆ ಸಿಕ್ಕ ತುದಿಯನ್ನು ಎರಡು ಬೆರಳಿನಿಂದ ಜಗ್ಗಿದಳು. ಕೀವು ಬಂತು. ಬೇವಿನ ಸೊಪ್ಪು ಕುದಿಸಿದ ನೀರಿನಿಂದ ತೊಳೆದು, ಅರಿಶಿಣ ಒತ್ತಿ, ಅರಿವೆ ಸುತ್ತಿದಳು. ಇಷ್ಟೂ ಹೊತ್ತು ಅದರ ಕಿವಿಯ ಹತ್ತಿರ ಏನೇನೋ ಹೇಳುತ್ತಲೇ ಇದ್ದಳು. ಕೊನೆಗೆ, ಯಾರಿಗೆ ಹೇಳಿದಳೋ, ನನಗೋ ಬೆಕ್ಕಿಗೋ:

“ಕಾರ್ಡ್ ಬಂದಾಗ ನಾ ಎಲ್ಲಾರಿಗೂ ತೋರಿಸಿದ್ದೆ. ನೋಡ್ರಿ, ನಮ್ಮ ಭಾಲ್ಕಿ ಪೋರಿ ಜುಮ್ಮಾ ಮರೆತಿಲ್ಲ ಅಂತ. ಅಣ್ಣನ ಮನ್ಯಾಗ ಆಗ ಹೇಳ್ಕೊಳ್ಳಾಕ ನನಗ ಅದೊಂದೇ ಇತ್ತು.”

ಕತ್ತರಿಸಿದ ಉಗುರನ್ನು ನನ್ನ ಅಂಗೈಯಲ್ಲಿಟ್ಟು, ದಾಳಿಂಬೆ ಬುಡದಲ್ಲಿ ಹೂಳಿ ಬಾ ಎಂದಳು. ನಾನು ಗೋಡೆ ಹಾರಿದೆ. ಮಣ್ಣು ಒಣಗಿ ಕಲ್ಲಾಗಿತ್ತು, ಬಾವಿಯ ನೀರು ಸೇದಿ ಹಾಕಿ, ಬೆರಳಿನಿಂದ ತೋಡಿ, ಹೂಳುವಷ್ಟರಲ್ಲಿ ಹೊತ್ತಾಯಿತು. ತಿರುಗಿ ಬಂದಾಗ ಟಾಂಗಾ ಸ್ಟೇಷನ್ನಿನ ದಾರಿ ಹಿಡಿದಿತ್ತು. ಬೆಕ್ಕನ್ನಿಟ್ಟ ಬುಟ್ಟಿಯ ಮುಚ್ಚಳಕ್ಕೆ ಖಾಲಾ ಕೈ ಒತ್ತಿ ಹಿಡಿದದ್ದು ಮಾತ್ರ ಕಂಡಿತು. ತಪ್ಪಾಯಿತು ಎಂದು ಹೇಳಲು ಉಗುರು ಹೂಳುವಾಗ ಮಾತು ಕೂಡಿಸಿಕೊಂಡಿದ್ದೆ. ಅವು ಬಾಯಲ್ಲೇ ಉಳಿದವು.

ಆ ಸಂಜೆ ಅಪ್ಪ ನನ್ನನ್ನು ಕರೆಯದೆ ಊಟಕ್ಕೆ ಕುಳಿತ. ಬೈದಿದ್ದರೆ ಚೆನ್ನಾಗಿತ್ತು. ಎಂಟು ದಿನ ಬಿಟ್ಟು ನಾನೇ ಹೋಗಿ ಒಂದು ಕಾರ್ಡು ಬರಿ ಎಂದೆ.

“ಏನಂತ?”

“ನಾ ಒಂದು ಜುಮ್ಮಾನೂ ತಗದಿಲ್ಲ ಅಂತ. ನಾ ಸುಳ್ಳು ಬರಿಸಿದ್ದೆ ಅಂತ.”

“ಆಕಿಗಿ ಗೊತ್ತದಲ್ಲ.”

“ಗೊತ್ತಿದ್ರೂ ಬರಿ ಅಪ್ಪಾ.”

ಅಪ್ಪ ಬರೆದ. ಕೆಳಗೆ ನನ್ನ ಹೆಸರನ್ನು ನಾನೇ ಕನ್ನಡದಲ್ಲಿ ಬರೆದೆ. ಉತ್ತರ ಬರಲಿಲ್ಲ. ಕಾರ್ಡು ಮುಟ್ಟಿತೋ ಇಲ್ಲವೋ, ಬೆಕ್ಕಿನ ಕಾಲು ನೆಟ್ಟಗಾಯಿತೋ ಇಲ್ಲವೋ, ನನಗೆ ತಿಳಿಯದೇ ಹೋಯಿತು.

ತಿಳಿದದ್ದು ಒಂದೇ. ಆ ಕಾರ್ಡು ಹಾಕಿದ ಮುಂದಿನ ಶುಕ್ರವಾರ ಪೂಜೆ ಮುಗಿಸಿದ ಆಯಿ ಹಿತ್ತಲಿಗೆ ಬಂದು, ಆ ಗೋಡೆಗೆ ಬೆನ್ನು ಆನಿಸಿ ಕುಳಿತು, ನನ್ನನ್ನು ಕರೆದು ಎರಡೂ ಕೈ ಮುಂದೆ ಚಾಚಿದಳು.

“ತಗಿ” ಎಂದಳು.

“ಇವತ್ತ ಶುಕ್ರವಾರ ಆಯಿ.”

“ಗೊತ್ತದ. ತಗಿ.”

ಹತ್ತೂ ಬೆರಳಿನ ಉಗುರು ತೆಗೆದೆ. ಹೆಬ್ಬೆರಳಿನಿಂದ ಶುರು ಮಾಡಿದೆ. ಈಗ ನಾನಿರುವ ಬೀದರಿನ ಈ ಮನೆಯಲ್ಲಿ ಎಷ್ಟೋ ಬೆಕ್ಕುಗಳು ಬಂದುಹೋಗಿವೆ, ಅವುಗಳಿಗೂ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.